ಬಟ್ಟೆಯಲ್ಲಿ ಕ್ರಿಸ್‌ಮಸ್ ಮರದ ಅಲಂಕಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಬಂತೆಂದರೆ ನನ್ನ ಬಳಿ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾದವು: ಯಾವ ಬಟ್ಟೆ, ಎಷ್ಟು ಹತ್ತಿ, ಅಂಟು ಸಾಲದೇ, ನಕ್ಷತ್ರದ ತುದಿ ಏಕೆ ಮೊಂಡಾಗುತ್ತದೆ. ಉತ್ತರಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಬ್ಲೌಸ್ ಹೊಲಿಯಲು ಬಲ್ಲವರಿಗೆ ಇದರಲ್ಲಿ ಅರ್ಧ ಗೊತ್ತಿರುವುದೇ. ಕಿತ್ತುಹೋದ ಗುಂಡಿ ಹಾಕುವಷ್ಟು ಮಾತ್ರ ಬಲ್ಲವರಿಗೂ ಉಳಿದದ್ದು ಕಷ್ಟವಲ್ಲ.

ನನಗೆ ಹೊಲಿಗೆ ಅಷ್ಟಾಗಿ ಬರುವುದಿಲ್ಲ. ಯಾವುದರಿಂದ ಶುರು ಮಾಡಲಿ?

ಫೆಲ್ಟ್ ಬಟ್ಟೆಯ ಹೃದಯದಿಂದ. ಎಲ್ಲರೂ ಮೊದಲು ನಕ್ಷತ್ರಕ್ಕೆ ಕೈಹಾಕುತ್ತಾರೆ. ಅದು ನೋಡಲು ಸುಲಭ, ಹೊಲಿಯಲು ಕಷ್ಟ. ಫೆಲ್ಟ್ ನೇಯ್ದ ಬಟ್ಟೆಯಲ್ಲ, ಒತ್ತಿ ಮಾಡಿದ್ದು. ಎಳೆಗಳೇ ಇಲ್ಲದ ಕಾರಣ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದಿಲ್ಲ. ಅಂಚು ಮಡಿಸುವುದು ಬೇಡ, ಒಳಗು ಹೊರಗು ತಿರುಗಿಸುವುದು ಬೇಡ.

ಕಾಗದವನ್ನು ನಡುವೆ ಮಡಿಸಿ, ಮಡಿಕೆಗೆ ತಾಗಿಸಿ ಅರ್ಧ ಹೃದಯ ಬರೆದು ಕತ್ತರಿಸಿ. ಬಿಡಿಸಿದರೆ ಎರಡೂ ಬದಿ ಸಮನಾದ ಅಚ್ಚು ಸಿಗುತ್ತದೆ. ಏಳೆಂಟು ಸೆಂಟಿಮೀಟರ್ ಎತ್ತರ ಸಾಕು. ಎರಡು ತುಂಡು ಕತ್ತರಿಸಿ ಒಂದರ ಮೇಲೊಂದಿಟ್ಟು, ಅಂಚಿನ ಸುತ್ತ ಕಾಜಾ ಹೊಲಿಗೆ ಹಾಕುತ್ತಾ ಬನ್ನಿ. ಗುಂಡಿಯ ತೂತಿಗೆ ದರ್ಜಿಗಳು ಒತ್ತೊತ್ತಾಗಿ ಹಾಕುವ ಹೊಲಿಗೆಯ ಸಡಿಲ ರೂಪವಿದು: ಮೂರು ಮಿಲಿಮೀಟರ್ ಆಳ, ಮೂರು ಮಿಲಿಮೀಟರ್ ಅಂತರ. ಕಸೂತಿ ದಾರದಲ್ಲಿ ಆರು ಎಳೆಗಳಿರುತ್ತವೆ; ಅವುಗಳಲ್ಲಿ ಎರಡನ್ನು ಮಾತ್ರ ಬೇರ್ಪಡಿಸಿಕೊಳ್ಳಿ. ಮೊದಲ ಗಂಟು ಎರಡು ಪದರಗಳ ನಡುವೆ ಅಡಗಿರಲಿ. ಮುಕ್ಕಾಲು ಸುತ್ತು ಬಂದ ಮೇಲೆ ಹತ್ತಿ ತುಂಬಿ ಉಳಿದದ್ದನ್ನು ಮುಚ್ಚಿದರೆ ಮುಗಿಯಿತು.

ಅಂಗಡಿಯಲ್ಲಿ ಸಿಗುವ ಎಲ್ಲ ಫೆಲ್ಟ್ ಒಂದೇ ತಾನೇ?

ಅಲ್ಲ. ಸ್ಟೇಷನರಿ ಅಂಗಡಿಗಳಲ್ಲಿ ಹಾಳೆಯಾಗಿ ಸಿಗುವುದು ಬಹುಪಾಲು ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಉಣ್ಣೆಯ ಫೆಲ್ಟ್ ದುಬಾರಿ, ಆದರೆ ಅಂಚು ನಯವಾಗಿ ನಿಲ್ಲುತ್ತದೆ, ಬೇಗ ಜುಂಗು ಏಳುವುದಿಲ್ಲ. ಕಲಿಯುವುದಕ್ಕೆ ಅಕ್ರಿಲಿಕ್ ಧಾರಾಳವಾಗಿ ಸಾಕು. ಕೊಳ್ಳುವಾಗ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಲ್ಲಿ ತೆಳುವಾಗಿ ಬೆಳಕು ಸೋರುತ್ತಿದ್ದರೆ ಅದನ್ನು ಬಿಡಿ, ತುಂಬಿದ ಮೇಲೆ ಒಳಗಿನ ಬಿಳಿ ಹೊರಗೆ ಕಾಣುತ್ತದೆ. ಒಂದು ಮಿಲಿಮೀಟರ್ ದಪ್ಪ ಹೊಲಿಯಲು ಹಿತ. ಎರಡು ಮಿಲಿಮೀಟರಿನದು ಬಿರುಸು. ತುಂಬದೆ ಹಾಗೇ ಚಪ್ಪಟೆಯಾಗಿ ನೇತುಹಾಕುವ ಆಕಾರಗಳಿಗೆ ಅದು ಒಳ್ಳೆಯದು.

ಮನೆಯಲ್ಲಿ ಉಳಿದ ಬ್ಲೌಸ್ ತುಂಡು, ಹಳೆಯ ಸೀರೆ ಆಗುವುದಿಲ್ಲವೇ?

ಆಗದೆ ಏನು! ನನ್ನನ್ನು ಕೇಳಿದರೆ ಹೊಸ ಬಟ್ಟೆ ಕೊಳ್ಳಲೇಬೇಡಿ ಎನ್ನುತ್ತೇನೆ. ಒಂದು ಅಲಂಕಾರಕ್ಕೆ ಬೇಕಾಗುವುದು ಅಂಗೈಯಗಲದ ಎರಡು ತುಂಡು. ದರ್ಜಿಯ ಅಂಗಡಿಯಲ್ಲಿ ಕತ್ತರಿಸಿ ಬಿಟ್ಟ ಚೂರುಗಳ ಚೀಲ ಇದ್ದೇ ಇರುತ್ತದೆ, ಕೇಳಿದರೆ ಕೊಡುತ್ತಾರೆ.

ಇಳಕಲ್ ಸೀರೆಯನ್ನೇ ನೋಡಿ. ಅದರ ಟೋಪ್‌ತೆನಿ ಸೆರಗಿನಲ್ಲಿ ಮೂರು ಕೆಂಪು ಪಟ್ಟಿಗಳು, ಅವುಗಳ ನಡುವೆ ಎರಡು ಬಿಳಿ ಪಟ್ಟಿಗಳು. ಬಣ್ಣ ಬಣ್ಣ ಸೇರುವಲ್ಲಿ ತೆನೆಯಂತೆ ಮೇಲೇಳುವ ಮೊನೆಗಳು. ಹರಿದ ಸೀರೆಯ ಸೆರಗು ಗಟ್ಟಿಯಾಗಿದ್ದರೆ, ಅಚ್ಚಿನ ನಟ್ಟನಡುವೆ ಒಂದು ಮೊನೆ ಬರುವಂತೆ ಇಟ್ಟು ಕತ್ತರಿಸಿ. ಬಿಳಿಯ ಮೇಲೆ ನಿಂತ ಕೆಂಪು ಮರ ಸಿದ್ಧ, ಒಂದು ಹೊಲಿಗೆಯನ್ನೂ ಹಾಕದೆ! ಕ್ರಿಸ್‌ಮಸ್‌ನ ಕೆಂಪು ಬಿಳಿಗಾಗಿ ಊರೆಲ್ಲ ಹುಡುಕುವವರ ಬೀರುವಿನಲ್ಲಿಯೇ ಅದು ಮಡಿಸಿ ಕುಳಿತಿರುತ್ತದೆ.

ಗುಳೇದಗುಡ್ಡದ ಖಣವೂ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಅದರ ಚಿತ್ತಾರ ಸಣ್ಣದು. ಏಳು ಸೆಂಟಿಮೀಟರಿನ ಗಂಟೆಯೊಳಗೆ ಚಿತ್ತಾರ ಪೂರ್ತಿಯಾಗಿ ಕೂರುತ್ತದೆ. ದೊಡ್ಡ ಬುಟ್ಟಾದ ರೇಷ್ಮೆ ಸೀರೆಯಲ್ಲಿ ನವಿಲಿನ ಕಾಲು ಒಂದು ಕಡೆ, ತಲೆ ಇನ್ನೊಂದು ಅಲಂಕಾರಕ್ಕೆ ಹೋಗುತ್ತದೆ. ಖಣದ ತೊಂದರೆ ಒಂದೇ, ಕತ್ತರಿ ಮುಟ್ಟಿದ ಕೂಡಲೇ ಎಳೆ ಬಿಡತೊಡಗುತ್ತದೆ. ಕತ್ತರಿಸುವ ಮೊದಲೇ ಹಿಂಬದಿಗೆ ಫ್ಯೂಸಿಂಗ್ (ಬಿಸಿ ತಾಗಿದರೆ ಅಂಟಿಕೊಳ್ಳುವ ತೆಳು ಅಸ್ತರು) ಇಟ್ಟು ಇಸ್ತ್ರಿ ಮಾಡಿ ಅಂಟಿಸಿಕೊಳ್ಳಿ. ಕತ್ತರಿಸಿದ ಮೇಲೆ ಅಂಟಿಸಲು ಹೊರಟರೆ ಆಕಾರ ಆಗಲೇ ಕೆಟ್ಟಿರುತ್ತದೆ.

ಸಂಡೂರಿನ ಲಂಬಾಣಿ ಕಸೂತಿಯ ಚಿಕ್ಕ ತುಂಡುಗಳನ್ನೂ ಕೆಲವರು ಬಳಸುತ್ತಾರೆ. ಕನ್ನಡಿ ಇರುವ ತುಂಡಾದರೆ ದೀಪದ ಹತ್ತಿರ ಚೆನ್ನಾಗಿ ಹೊಳೆಯುತ್ತದೆ. ಆದರೆ ಹಳೆಯ ಲಂಬಾಣಿ ಉಡುಪಿಗೆ ದಯವಿಟ್ಟು ಕತ್ತರಿ ಹಾಕಬೇಡಿ. ಹೊಸದಾಗಿ ಕಸೂತಿ ಹಾಕಿದ ಪಟ್ಟಿಗಳು ಮಾರಾಟಕ್ಕೆ ಸಿಗುತ್ತವೆ, ಅದರ ಹಣ ಕಸೂತಿ ಹಾಕಿದವರಿಗೇ ಸೇರುತ್ತದೆ.

ಹಳೆಯ ರೇಷ್ಮೆ ಸೀರೆ ಮುಟ್ಟಿದರೆ ಹರಿಯುತ್ತದೆ. ಏನಾದರೂ ಮಾಡಬಹುದೇ?

ಮಡಿಕೆಯ ಗೆರೆಯಲ್ಲಿ ಸೀಳಿದ ಭಾಗ ಬಿಟ್ಟುಬಿಡಿ. ಉಳಿದದ್ದಕ್ಕೆ ಹಿಂದೆ ತೆಳುವಾದ ಹತ್ತಿಯ ಬಟ್ಟೆಯನ್ನೋ ಫ್ಯೂಸಿಂಗನ್ನೋ ಕೊಟ್ಟು ಒಂದೇ ಬಟ್ಟೆಯೆಂಬಂತೆ ಹೊಲಿಯಿರಿ. ಜರಿಯ ಮೇಲೆ ಬಿಸಿ ಇಸ್ತ್ರಿ ಇಡಬಾರದು. ಈಗಿನ ಜರಿಯಲ್ಲಿ ಪ್ಲಾಸ್ಟಿಕ್ ಇರುವುದೇ ಹೆಚ್ಚು, ಕರಗಿ ಇಸ್ತ್ರಿಪೆಟ್ಟಿಗೆಗೇ ಹಿಡಿಯುತ್ತದೆ.

ಬಟ್ಟೆಯನ್ನು ಮೊದಲು ತೊಳೆಯಬೇಕೇ?

ಹತ್ತಿಯಾದರೆ ಹೌದು. ಕುಗ್ಗುವುದಕ್ಕಿಂತ ಬಣ್ಣ ಬಿಡುವುದೇ ಇಲ್ಲಿ ದೊಡ್ಡ ತಲೆನೋವು, ಅದರಲ್ಲಿಯೂ ಕೆಂಪು. ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಉಜ್ಜಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ನೀರು ತಿಳಿಯಾಗುವವರೆಗೆ ಬೇರೆಯಾಗಿಯೇ ಜಾಲಿಸಿ, ನೆರಳಲ್ಲಿ ಒಣಗಿಸಿ. ಫೆಲ್ಟ್ ತೊಳೆಯುವುದು ಬೇಡ.

ಗಾತ್ರ ಎಷ್ಟಿರಬೇಕು?

ಮರ ನೋಡಿ ಹೇಳಬೇಕು. ಮೇಜಿನ ಮೇಲಿಡುವ ಎರಡು ಮೂರು ಅಡಿಯ ಮರಕ್ಕೆ ಐದಾರು ಸೆಂಟಿಮೀಟರ್. ಆರಡಿಯ ಮರಕ್ಕೆ ಎಂಟರಿಂದ ಹತ್ತು. ಎಲ್ಲವೂ ಒಂದೇ ಅಳತೆಯವಾದರೆ ಅಂಗಡಿಯ ಶೋಕೇಸಿನಂತೆ ಕಾಣುತ್ತದೆ, ದೊಡ್ಡವು ಕೆಲವು ಚಿಕ್ಕವು ಹಲವು ಇರಲಿ. ದೊಡ್ಡವು ಕೆಳಗಿನ ಕೊಂಬೆಗಳಿಗೆ.

ನಮ್ಮ ಕಡೆ ಎಲ್ಲರ ಮನೆಯಲ್ಲಿಯೂ ಪ್ಲಾಸ್ಟಿಕ್ ಮರ ಇರುವುದಿಲ್ಲ. ಕುಂಡದಲ್ಲಿ ಬೆಳೆಸಿದ ಅರೌಕೇರಿಯಾಕ್ಕೆ ಕೊಂಬೆ ಅಡ್ಡಡ್ಡ ನಿಲ್ಲುತ್ತದೆ, ಸ್ವಲ್ಪ ಭಾರ ತಡೆಯುತ್ತದೆ. ಗಾಳಿಮರದ ಕೊಂಬೆ ತಂದು ನಿಲ್ಲಿಸುವವರು ಮಾತ್ರ ಎಚ್ಚರದಿಂದಿರಬೇಕು. ಅದರ ಕಡ್ಡಿಗಳು ದಾರದಷ್ಟೇ ತೆಳು, ಗಾಜಿನ ಗುಂಡು ಹಾಕಿದರೆ ನೆಲಕ್ಕೇ ಬಾಗುತ್ತವೆ. ಬಟ್ಟೆಯ ಅಲಂಕಾರಗಳು ಹಗುರ; ಈ ಮರಕ್ಕೆ ಅವನ್ನು ಬಿಟ್ಟರೆ ಬೇರೆ ಹೊಂದುವುದಿಲ್ಲವೆಂದೇ ನನ್ನ ಅಭಿಪ್ರಾಯ. ಅವನ್ನೂ ಕಡ್ಡಿಯ ತುದಿಗಲ್ಲ, ಒಳಗಿನ ಗಟ್ಟಿ ಕೊಂಬೆಗೆ ಕಟ್ಟಿ.

ನಕ್ಷತ್ರದ ತುದಿ ಚೂಪಾಗುತ್ತಲೇ ಇಲ್ಲ. ಏಕೆ?

ಇದೇ ಅತಿ ಹೆಚ್ಚು ಕೇಳುವ ಪ್ರಶ್ನೆ, ಹಾಗಾಗಿ ಉದ್ದಕ್ಕೆ ಹೇಳುತ್ತೇನೆ.

ಮೊದಲ ಕಾರಣ ಅಚ್ಚು. ಪೆನ್ನು ಎತ್ತದೆ ಗೀಚುವ ಐದು ಮೂಲೆಯ ನಕ್ಷತ್ರದ ತೋಳುಗಳು ತೀರ ಸಪೂರ. ಬಟ್ಟೆಗೆ ದಪ್ಪ ತೋಳಿನ ನಕ್ಷತ್ರ ಬೇಕು. ಕೈವಾರದಿಂದ ಐದು ಸೆಂಟಿಮೀಟರ್ ತ್ರಿಜ್ಯದ ವೃತ್ತ, ಅದೇ ಕೇಂದ್ರದಿಂದ ಎರಡೂವರೆ ಸೆಂಟಿಮೀಟರಿನ ಇನ್ನೊಂದು ವೃತ್ತ ಎಳೆಯಿರಿ. ಕೋನಮಾಪಕದಲ್ಲಿ ಹೊರವೃತ್ತದ ಮೇಲೆ 72 ಡಿಗ್ರಿಗೊಂದರಂತೆ ಐದು ಚುಕ್ಕೆ, ಒಳವೃತ್ತದ ಮೇಲೆ ಅವುಗಳ ನಡುಮಧ್ಯಕ್ಕೆ ಐದು ಚುಕ್ಕೆ ಇಟ್ಟು ಸರದಿಯಂತೆ ಸೇರಿಸಿ. ಇದು ಹೊಲಿಗೆಯ ಗೆರೆ. ಇದರ ಹೊರಗೆ ಕಾಲು ಇಂಚು ಬಿಟ್ಟು ಕತ್ತರಿಸಬೇಕು.

ಎರಡನೆಯದು ಹೊಲಿಯುವ ಬಗೆ. ಎರಡೂ ತುಂಡುಗಳ ಒಳ್ಳೆಯ ಬದಿ ಒಳಗಿರುವಂತೆ ಇಟ್ಟು, ಕೈಯಲ್ಲಾದರೆ ಸಣ್ಣ ಬ್ಯಾಕ್ ಸ್ಟಿಚ್ (ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಚುಚ್ಚಿ ಮುಂದೆ ಹೋಗುವ ಹೊಲಿಗೆ) ಹಾಕಿ. ತಿರುಗಿಸಲು, ತುಂಬಲು ಒಂದು ನೇರ ಬದಿಯಲ್ಲಿ ಬಾಯಿ ಬಿಟ್ಟಿರಿ. ತುದಿಗೆ ಬಂದಾಗ ಥಟ್ಟನೆ ತಿರುಗಬೇಡಿ. ತುದಿಗೆ ಅಡ್ಡಲಾಗಿ ಒಂದೇ ಒಂದು ಹೊಲಿಗೆ ಹಾಕಿ ಆಮೇಲೆ ಇಳಿಯಿರಿ. ಕಾಗದದ ಮೇಲೆ ಇದು ಮೊಂಡಾಗಿ ಕಾಣುತ್ತದೆ, ತಿರುಗಿಸಿದ ಮೇಲೆ ಇದೇ ಚೂಪು. ಒಳಗೆ ಬಟ್ಟೆ ಮಡಚಿ ಕೂರಲು ಅಷ್ಟು ಜಾಗ ಬೇಕು.

ಮೂರನೆಯದನ್ನು ಬಹಳ ಮಂದಿ ಬಿಟ್ಟೇಬಿಡುತ್ತಾರೆ: ಹೊಲಿದಾದ ಮೇಲಿನ ಕತ್ತರಿ ಕೆಲಸ. ಪ್ರತಿ ತುದಿಯಲ್ಲಿ ಹೆಚ್ಚಿನ ಬಟ್ಟೆಯನ್ನು ಹೊಲಿಗೆಗೆ ಎರಡು ಮಿಲಿಮೀಟರ್ ಹತ್ತಿರಕ್ಕೆ ಕತ್ತರಿಸಿ ತೆಗೆಯಿರಿ, ಎರಡೂ ಪಕ್ಕದಿಂದ ಓರೆಯಾಗಿ ಸವರಿ. ತೋಳು ತೋಳು ಸೇರುವ ಒಳಮೂಲೆಯಲ್ಲಿ ಹೊಲಿಗೆಯ ತೀರ ಹತ್ತಿರದವರೆಗೆ ಒಂದು ಕಚ್ಚು ಕೊಡಿ. ಆ ಕಚ್ಚು ಇಲ್ಲದಿದ್ದರೆ ನೀವು ಏನೇ ಮಾಡಿದರೂ ಅಲ್ಲಿ ಸುಕ್ಕು ತಪ್ಪುವುದಿಲ್ಲ. ಸುಲಭವಾಗಿ ಎಳೆ ಬಿಡುವ ಬಟ್ಟೆಯಾದರೆ ಕಚ್ಚು ಕೊಡುವ ಮೊದಲು ಆ ಮೂಲೆಯ ಮೇಲೆ ಇನ್ನೊಂದು ಸಾಲು ಹೊಲಿಗೆ ಹಾಕಿಕೊಳ್ಳಿ.

ಇಷ್ಟಾದ ಮೇಲೆ ತಿರುಗಿಸಿ, ಹೆಣಿಗೆ ಕಡ್ಡಿಯ ಅಥವಾ ಪೆನ್ಸಿಲಿನ ಮೊಂಡು ತುದಿಯಿಂದ ಒಳಗಿನಿಂದ ಮೆಲ್ಲಗೆ ತಳ್ಳಿ. ಕತ್ತರಿಯ ಮೊನೆಯಿಂದ ತಳ್ಳಿದರೆ ತುದಿಯಲ್ಲಿ ತೂತೇ ಆಗುವುದು.

ಒಳಗೆ ಏನು ತುಂಬಬೇಕು? ಎಷ್ಟು?

ದಿಂಬಿಗೆ ಬಳಸುವ ಪಾಲಿಯೆಸ್ಟರ್ ಫೈಬರ್ ಎಲ್ಲಕ್ಕಿಂತ ಸರಿ. ಗಂಟು ಕಟ್ಟುವುದಿಲ್ಲ, ತೇವ ಹೀರುವುದಿಲ್ಲ, ತೊಳೆದರೂ ಮತ್ತೆ ಉಬ್ಬುತ್ತದೆ. ಪ್ಲಾಸ್ಟಿಕ್ ಬೇಡವೆನ್ನುವವರಿಗೆ ಬೂರುಗದ ಹತ್ತಿ ಇದೆ. ತುಂಬ ಹಗುರ, ಆದರೆ ಹಾರಾಡುತ್ತದೆ. ಫ್ಯಾನ್ ನಿಲ್ಲಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂರಿ. ಮಾಮೂಲಿ ಹತ್ತಿ ಕಾಲಕ್ರಮೇಣ ಗಟ್ಟಿ ಉಂಡೆಯಾಗುತ್ತದೆ, ಕರಾವಳಿಯಲ್ಲಿ ತೇವ ಹಿಡಿದು ಕಲೆಯಾಗುವುದೂ ಉಂಟು. ಹೊಲಿಗೆಯಲ್ಲಿ ಉಳಿದ ದಾರ, ಬಟ್ಟೆಯ ಚೂರುಗಳನ್ನು ಸಣ್ಣಗೆ ಕತ್ತರಿಸಿ ತುಂಬಬಹುದು, ತೆಳು ಬಟ್ಟೆಯಲ್ಲಿ ಮಾತ್ರ ಹೊರಗೆ ಉಬ್ಬುತಗ್ಗು ಕಾಣುತ್ತದೆ.

ಒಂದೇ ಸಲ ಮುಷ್ಟಿ ತುಂಬ ತುರುಕಬಾರದು. ಕಡಲೆಕಾಳಿನಷ್ಟನ್ನು ಬಿಡಿಸಿ ಬಿಡಿಸಿ, ಮೊದಲು ಮೂಲೆಗಳಿಗೆ, ಕೊನೆಗೆ ನಡುವಿಗೆ. ಬೆರಳಲ್ಲಿ ಒತ್ತಿ ಬಿಟ್ಟರೆ ಮೆಲ್ಲಗೆ ಮೊದಲಿನಂತಾಗಬೇಕು. ಕಲ್ಲಿನಂತೆ ಗಟ್ಟಿಯಾಯಿತೆಂದರೆ ಹೊಲಿಗೆಯ ಸಂದು ಬಾಯಿಬಿಡತೊಡಗುತ್ತದೆ.

ತುಂಬಿದ ಮೇಲೆ ಬಾಯಿ ಮುಚ್ಚಿದ ಗುರುತು ಕಾಣದಂತೆ ಮಾಡುವುದು ಹೇಗೆ?

ಬಾಯಿಯನ್ನು ಎಲ್ಲಿ ಬಿಡುತ್ತೀರಿ ಎಂಬಲ್ಲಿಯೇ ಅರ್ಧ ಕೆಲಸ ಇದೆ. ನೇರವಾದ ಬದಿಯಲ್ಲಿ ಮೂರು ಸೆಂಟಿಮೀಟರ್ ಬಿಡಿ. ತುದಿಯಲ್ಲಿ, ತಿರುವಿನಲ್ಲಿ ಬೇಡ. ಅಂಚುಗಳನ್ನು ಒಳಕ್ಕೆ ಮಡಿಸಿ ಉಗುರಿನಿಂದ ಗೆರೆ ಮಾಡಿಕೊಳ್ಳಿ. ಸೂಜಿಯನ್ನು ಒಂದು ಮಡಿಕೆಯೊಳಗೆ ಮೂರು ಮಿಲಿಮೀಟರ್ ಓಡಿಸಿ ಹೊರತೆಗೆಯಿರಿ, ನೇರ ಎದುರಿನ ಮಡಿಕೆಗೆ ದಾಟಿ ಅಲ್ಲಿಯೂ ಅಷ್ಟೇ ಓಡಿಸಿ. ದಾರ ಏಣಿಯ ಮೆಟ್ಟಿಲಿನಂತೆ ಕಾಣುತ್ತಿರಬೇಕು. ನಾಲ್ಕೈದು ಮೆಟ್ಟಿಲಾದ ಮೇಲೆ ಎಳೆದರೆ ಎರಡು ಅಂಚೂ ಕೂಡಿ ದಾರ ಒಳಗೆ ಮರೆಯಾಗುತ್ತದೆ. ಕೊನೆಗೆ ಗಂಟು ಹಾಕಿ, ಸೂಜಿಯನ್ನು ಹೊಟ್ಟೆಯೊಳಗಿಂದ ತೂರಿಸಿ ದೂರದಲ್ಲಿ ಹೊರತೆಗೆದು, ದಾರ ಎಳೆದು ಹಿಡಿದು ಕತ್ತರಿಸಿ. ಬಾಲ ಒಳಗೆ ಸೇರಿಕೊಳ್ಳುತ್ತದೆ.

ಇಷ್ಟೆಲ್ಲ ಏಕೆ? ಬಿಸಿ ಅಂಟು ಹಾಕಿದರೆ ಆಗುವುದಿಲ್ಲವೇ?

ಒಂದು ವರ್ಷಕ್ಕೆ ಆಗುತ್ತದೆ. ಅಂಟಿನ ಗನ್ನು ಹಿಡಿದು ಕುಳಿತರೆ ಒಂದು ಸಂಜೆಯಲ್ಲಿ ಬುಟ್ಟಿ ತುಂಬುತ್ತದೆ, ನಿಜ. ಆದರೆ ಅಟ್ಟದ ಬಿಸಿಯನ್ನೂ ಮಳೆಗಾಲದ ತೇವವನ್ನೂ ಕಂಡ ಅಂಟು ಮರುವರ್ಷ ಪೆಟ್ಟಿಗೆ ತೆರೆದಾಗ ಹಳದಿ ತಿರುಗಿ ಸಿಪ್ಪೆಯಾಗಿ ಎದ್ದಿರುತ್ತದೆ. ಹೊಲಿಗೆ ಬಿಟ್ಟರೆ ಮತ್ತೆ ಹೊಲಿಯಬಹುದು. ಅಂಟು ಹೀರಿದ ಬಟ್ಟೆಗೆ ಸೂಜಿಯೂ ಇಳಿಯುವುದಿಲ್ಲ. ಬಟ್ಟೆಯಲ್ಲೇ ಮಾಡುತ್ತೇನೆಂದು ಹೊರಟವರು ಸೂಜಿಗೆ ಹೆದರುವುದರಲ್ಲಿ ಅರ್ಥವಿಲ್ಲ. ಚಮಕಿ, ಮಣಿ ಕೂಡ ಅಂಟಿಸುವುದಕ್ಕಿಂತ ಹೊಲಿಯುವುದು ಲೇಸು.

ನೇತುಹಾಕುವ ದಾರ ಕಿತ್ತುಬರುತ್ತದೆ.

ಮೇಲ್ಬಟ್ಟೆಗೆ ಮಾತ್ರ ಸಿಕ್ಕಿಸಿದ್ದರೆ ಬಂದೇ ಬರುತ್ತದೆ. ಹದಿನೈದು ಸೆಂಟಿಮೀಟರ್ ರಿಬ್ಬನ್ ಅಥವಾ ಜರಿದಾರವನ್ನು ಇಮ್ಮಡಿ ಮಾಡಿ, ಎರಡು ಪದರಗಳ ನಡುವೆ ಕುಣಿಕೆ ಒಳಮುಖವಾಗಿ ಇಟ್ಟು ಹೊಲಿಗೆಯಲ್ಲಿಯೇ ಸೇರಿಸಿಬಿಡಿ. ತಿರುಗಿಸಿದಾಗ ಹೊರಬರುತ್ತದೆ. ಆ ಜಾಗದಲ್ಲಿ ಹೊಲಿಗೆ ಎರಡು ಬಾರಿ ಹೋಗಲಿ.

ಹಿಂದೆ ಮುಂದೆ ಹೊಲಿಗೆಯ ಕಟ್ಟುಪಾಡಿಲ್ಲದ, ಬೇಗ ಆಗುವಂಥದ್ದು ಏನಿದೆ?

ನೆರಿಗೆ ಬಿಲ್ಲೆಯ ಮರ. ಬಟ್ಟೆಯನ್ನು ವೃತ್ತಾಕಾರವಾಗಿ ಕತ್ತರಿಸಿ, ಅಂಚನ್ನು ಕಾಲು ಇಂಚು ಮಡಿಸುತ್ತಾ ಎರಡೆಳೆ ದಾರದಲ್ಲಿ ಸುತ್ತಲೂ ಸಾದಾ ಓಟದ ಹೊಲಿಗೆ ಹಾಕಿ ಎಳೆದರೆ ನೆರಿಗೆ ಕಟ್ಟಿ ಚಪ್ಪಟೆ ಬಿಲ್ಲೆಯಾಗುತ್ತದೆ. ಮುಗಿದ ಬಿಲ್ಲೆ ಮೊದಲ ವೃತ್ತದ ಅರ್ಧಕ್ಕಿಂತ ತುಸು ಚಿಕ್ಕದು. ಹೊಲಿಗೆ ಸಣ್ಣದಾದಷ್ಟೂ ನೆರಿಗೆ ಹೆಚ್ಚಿ ನಡುವಿನ ತೂತು ದೊಡ್ಡದಾಗಿ ಉಳಿಯುತ್ತದೆ. ತೂತು ಮುಚ್ಚಬೇಕಾದರೆ ಉದ್ದ ಹೊಲಿಗೆಯೇ ಸರಿ. 14, 12, 10, 8, 6 ಸೆಂಟಿಮೀಟರಿನ ವೃತ್ತಗಳಿಂದ ಐದು ಬಿಲ್ಲೆ ಮಾಡಿ, ದೊಡ್ಡದು ಕೆಳಗೆ ಬರುವಂತೆ ದಾರಕ್ಕೆ ಪೋಣಿಸಿ, ಕೆಳಗೊಂದು ಮರದ ಮಣಿ, ಮೇಲೊಂದು ಕುಣಿಕೆ. ಲೈನಿಂಗ್ ಬಟ್ಟೆಯ ಹಸಿರು ಚೂರುಗಳೆಲ್ಲ ಇದಕ್ಕೇ ಖರ್ಚಾಗುತ್ತವೆ.

ಸೂಜಿಯೇ ಬೇಡವೆಂದರೆ ಥರ್ಮಾಕೋಲ್ ಚೆಂಡಿಗೆ ಸೀರೆಯ ಅಂಚಿನ ಮಡಿಸಿದ ತುಂಡುಗಳನ್ನು ಗುಂಡುಪಿನ್ನಿನಿಂದ ಸಾಲುಸಾಲಾಗಿ ಚುಚ್ಚುತ್ತಾ ಬರುವ ಒಂದು ಬಗೆಯಿದೆ. ಚೆಂದ ಕಾಣುತ್ತದೆ, ಆದರೆ ಚಿಕ್ಕ ಮಕ್ಕಳಿರುವ ಮನೆಗೆ ಅದು ಕೂಡದು.

ಕಸೂತಿ ಹಾಕಬಹುದೇ?

ಧಾರವಾಡದ ಕಸೂತಿ ಎಳೆ ಎಣಿಸಿ ಹಾಕುವಂಥದ್ದು, ಹಾಗಾಗಿ ಎಂಟು ಮೂಲೆಯ ನಕ್ಷತ್ರ, ದೀಪ, ಗಿಡ ಎಲ್ಲ ಅದರಲ್ಲಿ ಸಲೀಸು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಗಳಲ್ಲಿ ಈ ಕೆಲಸಕ್ಕೆ ನಾನು ಗವಂತಿಯನ್ನೇ ಹೇಳುತ್ತೇನೆ. ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಎಡೆ ತುಂಬುವ ಹೊಲಿಗೆಯಾದ್ದರಿಂದ ಎರಡೂ ಬದಿ ಒಂದೇ ಆಗಿ ಕಾಣುತ್ತದೆ. ಮರದ ಮೇಲೆ ಅಲಂಕಾರ ಸದಾ ತಿರುಗುತ್ತಲೇ ಇರುತ್ತದೆ, ಹಿಂಬದಿಯೂ ಕಾಣುವುದೇ! ಒಂದೇ ಪದರದ ಬಟ್ಟೆಗೆ ಹಾಕಿ ಅಂಚು ಕಟ್ಟಿ ನೇತುಹಾಕಿ, ತುಂಬುವುದೇ ಬೇಡ. ಎಳೆ ಎಣಿಸಲು ಕಣ್ಣು ಸೋತರೆ ಚೌಕುಳಿಯ ಮ್ಯಾಟಿ ಬಟ್ಟೆ ತನ್ನಿ. ಇಂಚಿಗೆ 14 ಚೌಕದ ಬಟ್ಟೆಯಲ್ಲಿ 42 ಚೌಕದ ನಕ್ಷತ್ರ ಮೂರು ಇಂಚಾಗುತ್ತದೆ.

ಕೆಂಪು, ಹಸಿರು, ಬಂಗಾರ ಇವೇ ಬಣ್ಣ ಇರಬೇಕೇ? ಗಾಜಿನ ಗುಂಡುಗಳೇ ಸಂಪ್ರದಾಯವಲ್ಲವೇ?

ಗಾಜು ಬಂದದ್ದು ತಡವಾಗಿ. ಸ್ಟ್ರಾಸ್‌ಬರ್ಗ್‌ನಲ್ಲಿ 1605ರಲ್ಲಿ ಬರೆದಿಟ್ಟ ವಿವರದಲ್ಲಿ ಮರಕ್ಕೆ ಕಟ್ಟಿದ್ದು ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಸ್ಕತ್ತು, ಸಿಹಿ. ಜರ್ಮನಿಯ ಲೌಷಾ ಎಂಬ ಊರಿನ ಗಾಜು ಊದುವವರು ಮರದ ಅಲಂಕಾರ ಮಾಡತೊಡಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಡೆನ್ಮಾರ್ಕಿನವರು ಎರಡು ಬಣ್ಣದ ಕಾಗದದ ಪಟ್ಟಿಗಳನ್ನು ಹೆಣೆದು ಹೃದಯದ ಬುಟ್ಟಿ ಮಾಡಿ ಕಟ್ಟುತ್ತಾರೆ. ಅದನ್ನು ಫೆಲ್ಟ್‌ನಲ್ಲಿಯೂ ಹಾಗೆಯೇ ಹೆಣೆಯಬಹುದು. ಮನೆಯಲ್ಲಿದ್ದದ್ದನ್ನು ಕಟ್ಟುವುದೇ ಹಳೆಯ ರೂಢಿ, ಆದ್ದರಿಂದ ಬಣ್ಣಕ್ಕೆ ಕಟ್ಟಳೆಯಿಲ್ಲ. ನೀಲಿ ಖಣ, ಅರಿಸಿನ ಬಣ್ಣದ ಕೈಮಗ್ಗ ಯಾವುದೂ ನಡೆಯುತ್ತದೆ. ಒಂದು ಮಾತು: ಕಡು ಹಸಿರು ಮರದ ಮೇಲೆ ಕಡು ಹಸಿರು ಅಲಂಕಾರ ಕಾಣುವುದೇ ಇಲ್ಲ.

ಮಕ್ಕಳಿಂದ ಮಾಡಿಸಬಹುದೇ?

ಐದಾರು ವರ್ಷದವರಿಗೆ ಫೆಲ್ಟ್ ತುಂಡಿನ ಅಂಚಿಗೆ ಮೊದಲೇ ಪಂಚ್‌ನಿಂದ ತೂತು ಮಾಡಿಕೊಡಿ. ಮೊಂಡು ತುದಿಯ ದಪ್ಪ ಸೂಜಿಯಲ್ಲಿ ಉಲನ್ ಪೋಣಿಸುತ್ತಾ ಹೋಗುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಮಣಿ, ಗೆಜ್ಜೆ, ಗುಂಡಿ ಇರುವ ಯಾವುದನ್ನೂ ಕೆಳಗಿನ ಕೊಂಬೆಗಳಿಗೆ ಕಟ್ಟಬಾರದು. ಹೊಲಿಗೆ ವಕ್ರವಾದರೆ ಬಿಚ್ಚಿ ತಿದ್ದಲು ಹೋಗಬೇಡಿ.

ದೀಪದ ಸರದ ಪಕ್ಕ ಬಟ್ಟೆ ಅಪಾಯವಲ್ಲವೇ?

ಎಲ್‌ಇಡಿ ಸರ ಅಷ್ಟಾಗಿ ಬಿಸಿಯಾಗುವುದಿಲ್ಲ. ಹಳೆಯ ಕಾಲದ ಬಿಸಿಯಾಗುವ ಬಲ್ಬಿನ ಸರ ಇನ್ನೂ ಇದ್ದರೆ ಈ ಮರಕ್ಕೆ ಬೇಡ. ಹತ್ತಿ ಉರಿಯುತ್ತದೆ, ಸಿಂಥೆಟಿಕ್ ಕರಗಿ ಅಂಟುತ್ತದೆ. ಮೇಣದ ಬತ್ತಿ ಮರದ ಹತ್ತಿರಕ್ಕೂ ಬರಬಾರದು, ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಮುಂದೆ ಹಚ್ಚುವುದಾದರೂ ದೂರ ಇಡಿ. ಮಲಗುವ ಮುನ್ನ ಸ್ವಿಚ್ ಆರಿಸಿ.

ಚರ್ಚಿನ ಮಾರಾಟದ ಮೇಜಿಗೆ ಇಡಬೇಕು. ಬೆಲೆ ಹೇಗೆ ಹಾಕಲಿ?

ಬಟ್ಟೆ, ಹತ್ತಿಯ ಖರ್ಚು ನಗಣ್ಯ; ನೀವು ಮಾರುತ್ತಿರುವುದು ಸಮಯ. ಒಂದೇ ನಮೂನೆಯ ಆರನ್ನು ಒಟ್ಟಿಗೆ ಕತ್ತರಿಸಿ, ಒಟ್ಟಿಗೆ ಹೊಲಿದು, ಒಟ್ಟಿಗೆ ತುಂಬಿ, ಎಷ್ಟು ಹೊತ್ತಾಯಿತೆಂದು ಬರೆದು ಆರರಿಂದ ಭಾಗಿಸಿ. ನಿಮ್ಮ ಊರಿನಲ್ಲಿ ಹೊಲಿಗೆಯವರಿಗೆ ಕೊಡುವ ದಿನಗೂಲಿಯ ಲೆಕ್ಕ ಹಾಕಿ ಸಾಮಾನಿನ ಖರ್ಚು ಸೇರಿಸಿ. ಬಂದ ಬೆಲೆ ನಿಮಗೇ ಜಾಸ್ತಿ ಎನಿಸಿದರೆ ನಮೂನೆಯನ್ನು ಸರಳಮಾಡಿ, ಕೂಲಿಯನ್ನು ಕಡಿಮೆ ಮಾಡಬೇಡಿ. ಮೂರರ ಕಟ್ಟಾಗಿ ಇಟ್ಟರೆ ಬಿಡಿಯಾಗಿ ಇಟ್ಟದ್ದಕ್ಕಿಂತ ಬೇಗ ಹೋಗುತ್ತದೆ.

ಹಬ್ಬ ಮುಗಿದ ಮೇಲೆ ಎತ್ತಿಡುವುದು ಹೇಗೆ?

ಜನವರಿ 6ರ ಮೂವರು ಜ್ಞಾನಿಗಳ ಹಬ್ಬದ ತನಕ ಮರದಲ್ಲಿರಲಿ. ಇಳಿಸಿದ ಮೇಲೆ ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಗಾಳಿಯಾಡುವ ನೆರಳಲ್ಲಿ ಒಂದು ದಿನ ಹರಡಿ. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ನೇರವಾಗಿ ಕಟ್ಟಿಟ್ಟರೆ, ಅದೂ ಮಂಗಳೂರು ಉಡುಪಿಯ ಮಳೆಗಾಲದಲ್ಲಿ, ಬೂಷ್ಟು ಗ್ಯಾರಂಟಿ. ಮಾತ್ರೆ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಾಡದೆ ಇದಕ್ಕೆ ಕೂಡಿಡಿ. ಉಣ್ಣೆ, ರೇಷ್ಮೆ ಇದ್ದರೆ ಹುಳು ಹತ್ತದಂತೆ ಚೆನ್ನಾಗಿ ಒಣಗಿದ ಬೇವಿನ ಎಲೆ ಹಾಕಿ. ನುಸಿಗುಳಿಗೆಯ ವಾಸನೆ ಮುಂದಿನ ಡಿಸೆಂಬರ್‌ವರೆಗೂ ಬಿಡದು.

ಹೊರದೇಶದಲ್ಲಿರುವ ಮಕ್ಕಳಿಗೆ ಕಳುಹಿಸಬಹುದೇ?

ಕಳುಹಿಸಿ, ಒಡೆಯುವ ಭಯವಿಲ್ಲ. ಆದರೆ ಭಾರಕ್ಕೆಂದು ರಾಗಿ, ಅಕ್ಕಿ, ಪರಿಮಳಕ್ಕೆಂದು ಲವಂಗ, ಒಣಹುಲ್ಲು ತುಂಬಿದ್ದರೆ ತೊಂದರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ಬೀಜ ಮತ್ತು ಗಿಡದ ಭಾಗಗಳ ವಿಷಯದಲ್ಲಿ ಬಹಳ ಬಿಗಿ. ಅಂಥ ಪೊಟ್ಟಣ ತಪಾಸಣೆಯಲ್ಲಿಯೇ ಉಳಿದುಬಿಡಬಹುದು. ಅಂಚೆ ಖರ್ಚು ಉಳಿಸಬೇಕೆಂದರೆ ತುಂಬದೆ, ಬಾಯಿ ಹೊಲಿಯದೆ, ಚಪ್ಪಟೆಯಾಗಿಯೇ ಲಕೋಟೆಯಲ್ಲಿಟ್ಟು ಕಳುಹಿಸಿ; ಅಲ್ಲಿನ ಹಳೆಯ ದಿಂಬೊಂದನ್ನು ಬಿಚ್ಚಿ ಅವರೇ ತುಂಬಿಕೊಳ್ಳಲಿ. ಮುಚ್ಚಲು ಸಾಕಾಗುವಷ್ಟು ಅದೇ ಬಣ್ಣದ ದಾರವನ್ನು ರಟ್ಟಿನ ತುಂಡಿಗೆ ಸುತ್ತಿ ಜೊತೆಗಿಡಿ, ನವೆಂಬರ್ ಮೊದಲ ವಾರದೊಳಗೆ ಅಂಚೆಗೆ ಹಾಕಿ.